ಪದಚರ್ಚೆ: ಆಟದಾಗಿನ ‘ಗ್ರೈಂಡ್’ಗೆ ‘ಬೀಸೂದು’ ಅಂದ್ರ ನಡೀತೈತೇನ್ರಿ? ಅದಿರು ಚೆಲ್ಲಿಬಿಟ್ರ ಏನನ್ನೂದು?

ಎಲ್ಲರಿಗೂ ಶರಣ್ರಿ. ನಾ ಗುಳೇದಗುಡ್ಡದಾಂವ. ನಮ್ಮ ಅಣ್ಣನ ಮಗ ಮೊಬೈಲ್‌ನ್ಯಾಗ ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ಅಂತ ಒಂದು ಆನ್‌ಲೈನ್ ಆಟ ಆಡತಾನ, ಅದರಾಗ ಗಣಿ, ಮೀನು ಇಂಥಾ ಸ್ಕಿಲ್ ಲಗೂನ ಏರಿಸೂದು ಹೆಂಗ ಅಂತ ಗೆಳ್ಯಾರ ಸಲುವಾಗಿ ಕನ್ನಡದಾಗ ಬರಿಯೋಣು ಕಾಕಾ ಅಂತ ಗಂಟುಬಿದ್ದ, ಇಬ್ರೂ ಕುಂತು ಬರಿಯಾಕ ಹತ್ತಿದ್ರ ಮೊದಲನೇ ಸಾಲಿನ್ಯಾಗ ಸಿಕ್ಕೊಂಡ್ವಿ. ‘ಗ್ರೈಂಡ್’ಗೆ, ಅಂದ್ರ ಲೆವೆಲ್ ಏರಿಸಾಕ ಒಂದs ಕೆಲಸ ಮತ್ತ ಮತ್ತ ಮಾಡೂದಕ್ಕ, ಏನ್ ಬರಿಯೂದು?

ಹುಡುಗ “ಮೈನಿಂಗ್ ಗ್ರೈಂಡ್ ಮಾಡಾಕತ್ತೀನಿ” ಅಂದಾಗ ಮಗ್ಗಲದಾಗ ಬ್ಯಾಳಿ ಹಸನ ಮಾಡಕೋತ ಕುಂತಿದ್ದ ನಮ್ಮವ್ವ “ಏನ್ ಬೀಸಾಕತ್ತೀಯಪಾ?” ಅಂದ್ಲು. ಇಂವ ಸ್ಕ್ರೀನ್ ತೋರಿಸಿದ, ಒಬ್ಬ ಸಣ್ಣ ಮನಷ್ಯಾ ಬಂಡಿಗಲ್ಲಿನ ಮುಂದ ನಿಂತು ಪಿಕಾಸಿ ಬೀಸಾಕತ್ತಿದ್ದ. ಅಕಿ ಸ್ವಲ್ಪ ಹೊತ್ತು ನೋಡಿ “ಇದೂ ಬೀಸೂದ ಬಿಡು” ಅಂದು ಬ್ಯಾಳಿ ಕಡೆ ತಿರುಗಿದ್ಲು.

ನನಗ ಆ ಮಾತು ಭಾಳ ಹಿಡಿಸ್ತರಿ. ಪಿಕಾಸಿನೂ ಬೀಸತೀವಿ, ಕೊಡಲಿನೂ ಬೀಸತೀವಿ, ಜ್ವಾಳಾನೂ ಬೀಸತೀವಿ, ಈ ಕೂಡಿಕಿ ಇಂಗ್ಲಿಷಿನ ಗ್ರೈಂಡ್‌ದಾಗ ಇಲ್ಲ. ರುಬ್ಬೂದು ಅಂದ್ರ ನೀರಿನ ಕೆಲಸ, ಅರಿಯೂದು ಅಂದ್ರ ಔಷಧ ಮಸಾಲಿ ನೆನಪಾಗತಾವು. ಬೀಸೂದು ಮಾತ್ರ ಹಿಡಿ ಹಿಡಿ ಕಾಳು ಹಾಕಿ ತಾಸುಗಟ್ಟಲೆ ಮಾಡೂದು, ಬ್ಯಾಸರ ಆಗಬಾರದಂತ ಬೀಸೂ ಪದ ಹಾಡಕೋತ. ನಮ್ಮ ಹುಡುಗನೂ ಆಡುವಾಗ ಕಿವ್ಯಾಗ ಹಾಡು ಹಾಕ್ಕೊಂಡಿರತಾನ. ಗೆಳೆಯಾ ಒಬ್ಬ ‘ಗಾಣದೆತ್ತಿನಂಗ ತಿರುಗೂದು’ ಅಂತ ಹೇಳಿದ, ನಾ ಒಪ್ಪಲಿಲ್ಲ, ಎತ್ತು ತನ್ನ ಇಚ್ಛಾದಿಂದ ತಿರುಗೂದಿಲ್ಲ.

ಎಷ್ಟು ಬೀಸಬೇಕು ಅಂದ್ರ, ಈ ಆಟದಾಗ ಒಂದು ಸ್ಕಿಲ್ 99ನೇ ಲೆವೆಲ್‌ಗೆ ಹೋಗಾಕ 1,30,34,431 ಪಾಯಿಂಟ್ ಬೇಕು. ಕಬ್ಬಿಣದ ಅದಿರು ಒಂದಕ್ಕ ಸಿಗೂದು 35. ಬರೇ ಕಬ್ಬಿಣಾನ ಕಡಕೋತ ಹೋದ್ರ 3 ಲಕ್ಷ 72 ಸಾವಿರಕ್ಕಿಂತ ಹೆಚ್ಚು ಸಲ ಕಡೀಬೇಕು. ಸುಮಾರು ಏಳು ಲೆವೆಲ್‌ಗೊಮ್ಮೆ ಬೇಕಾಗೂ ಪಾಯಿಂಟ್ ಎರಡರಷ್ಟು ಆಗತಾವು, ಹಿಂಗಾಗಿ 92ಕ್ಕ ಬಂದು ಇನ್ನೇನು ಮುಗೀತು ಅಂದ್ಕೊಂಡಾಗ ಖರೇ ಅರ್ಧ ದಾರಿ ಆಗಿರತೈತಿ.

ಅದಕ್ಕ ಹುಡುಗೂರು ಒಂದು ಯುಕ್ತಿ ಮಾಡತಾರ, ಅದರ ಹೆಸರು ಪವರ್ ಮೈನಿಂಗ್. ಕಬ್ಬಿಣದ ಅದಿರಿನ ಮೂರು ಬಂಡಿಗಲ್ಲು ಕೈಗೆ ಸಿಗೂವಂಥಾ ಜಾಗಾದಾಗ ನಡುವ ನಿಂತು ಒಂದಾದ ಮ್ಯಾಲೆ ಒಂದು ಕಡಿಯೂದು, ಮೂರನೇದು ಮುಗಿಯೂದ್ರಾಗ ಮೊದಲಿಂದು ಮತ್ತ ತುಂಬತೈತಿ. ಚೀಲದಾಗ 28 ಸಾಮಾನಷ್ಟ ಹಿಡಸತಾವು, ತುಂಬಿದ್ರ ಸಾಮಾನು ಇಡಾಕ ಆಟದಾಗಿನ ಬ್ಯಾಂಕಿಗೆ ಹೋಗಿಬರಬೇಕು, ಹೊತ್ತು ಹಾಳು. ಇವರು ಹೋಗೂದs ಇಲ್ಲ, ಪಾಯಿಂಟ್ ಕಡಿದಾಗs ಸಿಕ್ಕಿರತಾವಂತ ಕಡಿದ ಅದಿರು ಕಾಲಾಗ ಚೆಲ್ಲಿ ಮತ್ತ ಕಡೀತಾರ. ಮೀನು ಹಿಡಿಯೂದ್ರಾಗ, ಗಿಡಾ ಕಡಿಯೂದ್ರಾಗನೂ ಹಿಂಗ. ನಮ್ಮವ್ವ ಇದನ್ನ ನೋಡಿ “ಬೀಸಿದ ಹಿಟ್ಟು ಯಾಕ ಚೆಲ್ಲತೀಯೋ?” ಅಂದ್ಲು, ನನ್ನ ಪದ ಅಲ್ಲಿಗೆ ಮುರೀತು. ಬೀಸೂದಂದ್ರ ಹಿಟ್ಟಿನ ಸಲುವಾಗಿ. ಇಲ್ಲಿ ಹಿಟ್ಟು ಬ್ಯಾಡ, ಕೈ ಕುದುರಿದ್ರ ಸಾಕು.

ಸ್ಕಿಲ್‌ಗೆ ನಾ ‘ಕಸುಬು’ ಅಂತ ಬರದೀನಿ, ಕೌಶಲ್ಯ ಅಂದ್ರ ಸರ್ಕಾರಿ ತರಬೇತಿ ಕೇಂದ್ರದ ಬೋರ್ಡ್ ಓದಿದಂಗ ಆಗತೈತಿ. ಗಣಿ, ಮೀನು, ಕಮ್ಮಾರಿಕಿ ಇವೆಲ್ಲಾ ಕಸುಬs ಅಲ್ಲೇನ್ರಿ. ಲೆವೆಲ್ ಏರೂದಕ್ಕ ‘ಬಡ್ತಿ’. ಆಟದಾಗ ವಾಟರ್‌ಫಾಲ್ ಕ್ವೆಸ್ಟ್ ಅಂತ ಒಂದು ಸಾಹಸದ ಕೆಲಸ ಐತಿ, ಅದನ್ನ ಮುಗಿಸಿದ್ರ ಕಾದಾಡೂ ಕಸುಬಾದ ಅಟ್ಯಾಕ್‌ಗೆ 13,750, ಸ್ಟ್ರೆಂತ್‌ಗೆ ಅಷ್ಟs ಪಾಯಿಂಟ್ ಸಿಗತಾವು, 1ರಾಗ ಇದ್ದಾಂವ ಸೀದಾ 30ಕ್ಕ ಹೋಗತಾನ, ಅದಕ್ಕ ಬಡ್ತಿ ಅನ್ನೂದ ಸರಿ ಕೂಡತೈತಿ.

ಪವರ್ ಮೈನಿಂಗ್‌ಗೆ ಮೊದಲ ‘ಚೆಲ್ಲುಗಸುಬು’ ಅಂತ ಮಾಡಿದ್ದೆ, ಮಳೆಗಾಲದಂಗ ಕಕಾರಕ್ಕ ಗಕಾರ ಬಂದು. ಆದ್ರ ಕಸುಬು ಅರಬ್ಬಿಯ ಕಸ್ಬ್‌ದಿಂದ ಬಂದದ್ದು, ಅದರ ಅರ್ಥ ಗಳಿಕಿ. ಗಳಿಸಿದ್ದನ್ನ ಚೆಲ್ಲಿ ಅದಕ್ಕ ಗಳಿಕಿ ಅಂತ ಹೆಸರಿಡೂದು ನನ್ನ ಮನಸಿಗೆ ಬರಲಿಲ್ಲ, ಮ್ಯಾಲೆ ‘ಚೆಲ್ಲು’ ಅಂದ್ರ ಚೆಲ್ಲುಚೆಲ್ಲಾಗಿ ಆಡೂದು ಅಂತನೂ ಐತಿ. ಈಗ ‘ತಾಲೀಮು’ ಕಡೆ ವಾಲೀನಿ. ಅದೂ ಅರಬ್ಬಿನ, ಕಲಿಸೂದು ಅಂತ ಅರ್ಥ. ಪೈಲ್ವಾನ್ರು ತಾಲೀಮ ಮನಿಯಾಗ ಸಾಮು ತಗೀತಾರ, ನಾಟಕದವರು ತಾಲೀಮು ಮಾಡತಾರ, ನಾಟಕದ ತಾಲೀಮಿಗೆ ಟಿಕೀಟ್ ಇರೂದಿಲ್ಲ. ಅದಿರು ಬ್ಯಾಂಕಿಗೆ ಹೋದ್ರ ‘ಬೀಸೂದು’, ಕಾಲಾಗ ಬಿದ್ರ ‘ಗಣಿ ತಾಲೀಮು’, ಹಿಂಗ ಎರಡು ಬ್ಯಾರೆ ಮಾಡಿ ಬರದೀವಿ. ಆದ್ರ ತಾಲೀಮಿನ್ಯಾಗ ‘ಲಗೂನ’ ಅನ್ನೂದು ಬರೂದಿಲ್ಲ, ಅದೊಂದು ಕೊರತಿ ಉಳೀತು.

ನಮ್ಮಪ್ಪ ನನಗ ಮಗ್ಗ ಕಲಿಸುವಾಗ ಮೊದಲ ವರ್ಷ ಬರೇ ಕಂಡಿಕಿ (ಲಾಳಿಯಾಗ ಇಡೂ ನೂಲಿನ ಸುರುಳಿ) ಸುತ್ತಿಸಿದ, ಆಮ್ಯಾಲೆ ಕುಣಿಮಗ್ಗಕ್ಕ ಇಳಿಸಿ ತುಂಡ ನೂಲು ಕೊಟ್ಟು ಲಾಳಿ ಹೊಡಸ್ತಿದ್ದ, ಗೇಣುದ್ದ ನೇಯ್ದದ್ದನ್ನ ಸಂಜಿಮುಂದ ತಾನs ಕತ್ತರಿಸಿ ಒಗೀತಿದ್ದ, ಖಣಕ್ಕೂ ಇಲ್ಲ ಸೀರಿಗೂ ಇಲ್ಲ. ಹಿಂಗ ಕೈ ಸಲುವಾಗಿ ನೇಯ್ದು ಒಗಿಯೂ ಬಟ್ಟಿಗೆ ಇಳಕಲ್ಲ, ರಬಕವಿ, ಬನಹಟ್ಟಿ ನೇಕಾರರ ಮನ್ಯಾಗ ಏನಂತಾರ್ರಿ? ಗೊತ್ತಿದ್ದವರು ದಯಮಾಡಿ ಬರೀರಿ, ಹುಡುಗ ಆ ಸಾಲು ಖಾಲಿ ಬಿಟ್ಟು ಕುಂತಾನ.