ಚಾಪ್ಟರ್ 13 ದಿವಾಳಿ ಅರ್ಜಿ: ವಕೀಲರನ್ನು ಕೇಳಿ

ನಿರ್ವಾಹಕರು: ಡಲ್ಲಾಸ್ ಸುತ್ತಮುತ್ತಲಿನ ಕನ್ನಡಿಗರಿಗೆ ನಮಸ್ಕಾರ. ಮನೆ, ಕಾರು ಉಳಿಸಿಕೊಂಡು ಸಂಬಳದಿಂದಲೇ ಕಂತು ಕಟ್ಟಿ ಸಾಲದಿಂದ ಹೊರಬರುವ, ಅಮೆರಿಕದ ದಿವಾಳಿ ಕಾನೂನಿನ ಚಾಪ್ಟರ್ 13ರ ಬಗ್ಗೆ ವಕೀಲ ಮೇಡಂ ಈ ಶುಕ್ರವಾರ ಸಂಜೆ ಉತ್ತರಿಸುತ್ತಾರೆ.

ಪ್ಲೇನೋ ಸದಸ್ಯ: ಎಚ್-1ಬಿ ವೀಸಾದವರು ಅರ್ಜಿ ಹಾಕಬಹುದೇ ಮೇಡಂ?

ವಕೀಲೆ: ಹಾಕಬಹುದು. ಇಲ್ಲಿ ವಾಸವಿದ್ದರೆ ಸಾಕು, ಪೌರತ್ವ ಬೇಕಿಲ್ಲ. ನಿಯಮಿತ ಆದಾಯ ಮಾತ್ರ ಇರಲೇಬೇಕು.

ಅರ್ವಿಂಗ್ ಸದಸ್ಯೆ: ಸಾಲಕ್ಕೆ ಮಿತಿ ಇದೆಯೇ? ಎಷ್ಟು ವರ್ಷ ಕಟ್ಟಬೇಕು?

ವಕೀಲೆ: 2025ರ ಏಪ್ರಿಲ್‌ನಿಂದ ಅಡಮಾನವಿಲ್ಲದ ಸಾಲ 5,26,700 ಡಾಲರಿಗಿಂತ, ಅಡಮಾನದ್ದು 15,80,125 ಡಾಲರಿಗಿಂತ ಕಡಿಮೆ ಇರಬೇಕು. ಅವಧಿ ಆದಾಯ ನೋಡಿಕೊಂಡು 3ರಿಂದ 5 ವರ್ಷ.

ಫ್ರಿಸ್ಕೋ ಗೃಹಸ್ಥ: ಮೇಡಂ, ಏಳು ತಿಂಗಳು ಕೆಲಸವಿರಲಿಲ್ಲ. ಈಗ ಸಿಕ್ಕಿದೆ, ಸಂಬಳ ಕಡಿಮೆ. ಮನೆಯ ಕಂತು 18,000 ಡಾಲರ್ ಬಾಕಿ, ಕ್ರೆಡಿಟ್ ಕಾರ್ಡುಗಳ ಮೇಲೆ 64,000. ಬರುವ ಮಂಗಳವಾರ ಮನೆ ಹರಾಜು. ಮೈಸೂರಿನಲ್ಲಿ ಸುಮಾರು 40,000 ಡಾಲರ್ ಬೆಲೆಯ ಸೈಟು ಇದೆ. ಭಾವಮೈದುನನ ಸಾಲ 8,000 ಮಾತ್ರ ಕಳೆದ ತಿಂಗಳು ತೀರಿಸಿದೆ.

ಮೆಕಿನ್ನಿ ಹಿರಿಯರು: ನನಗೆ ಬಂದ ಸಂದೇಶವನ್ನು ಹಂಚುತ್ತಿದ್ದೇನೆ: ‘ಅರ್ಜಿಗೆ ಮುನ್ನ ಊರಿನ ಆಸ್ತಿಯನ್ನು ತಾಯಿಯ ಹೆಸರಿಗೆ ದಾನಪತ್ರ ಮಾಡಿಸಿ. ಪಿಂಚಣಿಯ 401(ಕೆ) ಹಣ ಬಿಡಿಸಿ ಕಾರ್ಡು ತೀರಿಸಿ. ಅಮೆರಿಕದ ಕೋರ್ಟಿಗೆ ಮೈಸೂರು ಕಾಣುವುದಿಲ್ಲ.’

ವಕೀಲೆ: ಫ್ರಿಸ್ಕೋದವರೇ, ಮೊದಲು ಆ ಸಂದೇಶವನ್ನು ಅಳಿಸಿ. ಸ್ವತ್ತು ಎಲ್ಲಿದ್ದರೂ, ಯಾರ ಕೈಯಲ್ಲಿದ್ದರೂ ಅರ್ಜಿಯಲ್ಲಿ ತೋರಿಸಬೇಕೆಂಬುದು ಕಾನೂನು. ಕೋರ್ಟಿಗೆ ಮೈಸೂರು ಕಾಣಬೇಕಿಲ್ಲ, ಪ್ರಮಾಣ ಮಾಡಿ ಬರೆಯುವವರು ನೀವು. ಬಚ್ಚಿಟ್ಟರೆ 5 ವರ್ಷದವರೆಗೆ ಜೈಲು. ಎರಡು ವರ್ಷ ಹಿಂದಿನ ದಾನಪತ್ರವನ್ನೂ ಟ್ರಸ್ಟಿ, ಅಂದರೆ ನಿಮ್ಮ ಕಂತು ಪಡೆದು ಸಾಲ ಕೊಟ್ಟವರಿಗೆ ಹಂಚುವ ಅಧಿಕಾರಿ, ಕೆದಕಬಹುದು. 401(ಕೆ) ಹಣವನ್ನು ಸಾಲ ಕೊಟ್ಟವರು ಮುಟ್ಟುವಂತಿಲ್ಲ. ಭದ್ರವಾಗಿರುವುದನ್ನು ನೀವೇ ಒಡೆದು ಕಾರ್ಡಿನ ಕಂಪನಿಗೆ ಕೊಡುವುದು ಯಾವ ಜಾಣತನ?

ಇನ್ನು ಮನೆ. ಟೆಕ್ಸಾಸಿನಲ್ಲಿ ಹರಾಜು ತಿಂಗಳ ಮೊದಲ ಮಂಗಳವಾರ, ಬೆಳಿಗ್ಗೆ 10ರಿಂದ ಸಂಜೆ 4ರೊಳಗೆ. ಕೂಗು ಮುಗಿಯುವ ಮೊದಲು ಅರ್ಜಿ ದಾಖಲಾದರೆ ಹರಾಜು ತಾನಾಗಿ ನಿಲ್ಲುತ್ತದೆ. ಒಂದು ಗಂಟೆ ತಡವಾದರೂ ನಾನೇನೂ ಮಾಡಲಾರೆ. ಇಂದು ರಾತ್ರಿಯೇ ಮಾನ್ಯತೆ ಪಡೆದ ಸಂಸ್ಥೆಯಿಂದ ಸಾಲ ಸಮಾಲೋಚನೆ ಮುಗಿಸಿ, ಪ್ರಮಾಣಪತ್ರ ತೆಗೆದುಕೊಳ್ಳಿ. ಅದು ಅರ್ಜಿಗಿಂತ ಮೊದಲೇ ಆಗಬೇಕು. ಅದರೊಂದಿಗೆ ಅರ್ಜಿ, ಸಾಲ ಕೊಟ್ಟವರ ಪಟ್ಟಿ, 313 ಡಾಲರ್ ಶುಲ್ಕ. ಉಳಿದ ಲೆಕ್ಕಪತ್ರ ಮತ್ತು ಮರುಪಾವತಿ ಯೋಜನೆಗೆ 14 ದಿನ ಸಮಯವಿದೆ. 30 ದಿನದೊಳಗೆ ಮೊದಲ ಕಂತು.

ಬಾಕಿ 18,000ವನ್ನು 60 ತಿಂಗಳಿಗೆ ಹಂಚಿದರೆ ತಿಂಗಳಿಗೆ 300. ಮನೆಯ ಮಾಮೂಲಿ ಕಂತು ಬೇರೆ, ಟ್ರಸ್ಟಿಯ ಕಮಿಷನ್ ಬೇರೆ. ನನಗೆ ಚಿಂತೆ ಸೈಟಿನದ್ದು. ಮಾರಿ ಹಂಚಿದ್ದರೆ ಕಾರ್ಡಿನವರಿಗೆ ಎಷ್ಟು ಸಿಗುತ್ತಿತ್ತೋ ಅಷ್ಟನ್ನಾದರೂ ಯೋಜನೆಯಲ್ಲಿ ಕೊಡಬೇಕು. ಅಂದರೆ ತಿಂಗಳಿಗೆ ಇನ್ನೂ 650ರ ಆಸುಪಾಸು. ಆ ಸಂಬಳದಲ್ಲಿ ಸಾಧ್ಯವೇ? ಇಲ್ಲವಾದರೆ ಸೈಟು ಮಾರುವ ಮಾತನ್ನು ಇಂದೇ ಮನೆಯಲ್ಲಿ ಆಡಿ. ಹತ್ತಿರದ ನೆಂಟರಿಗೆ ವರ್ಷದೊಳಗೆ ತೀರಿಸಿದ ಸಾಲವೂ ಲೆಕ್ಕಕ್ಕೆ ಬರುತ್ತದೆ. ಆ 8,000ವನ್ನು ಮುಚ್ಚಿಡಬೇಡಿ.

ಕ್ಯಾರಲ್ಟನ್ ಸದಸ್ಯ: ಎಚ್-1ಬಿಯವರು ಹಾಕಬಹುದೇ?

ವಕೀಲೆ: ಮೇಲೆ ನೋಡಿ.

ಅರ್ವಿಂಗ್ ಸದಸ್ಯೆ: ಮಗಳ ಓದಿನ ಸಾಲಕ್ಕೆ ನಾನೂ ಸಹಿ ಹಾಕಿದ್ದೇನೆ. ಅದು ಏನಾಗುತ್ತದೆ?

ಮೆಕಿನ್ನಿ ಹಿರಿಯರು: ಒಳ್ಳೆಯದಾಗಲೆಂದು ಹಂಚಿದೆ. ನಮ್ಮ ಕಾಲದಲ್ಲಿ ದಿವಾಳಿ ಎದ್ದವನು ಮದುವೆ ಮನೆಗೂ ಹೋಗುತ್ತಿರಲಿಲ್ಲ.

ಪ್ಲೇನೋ ಸದಸ್ಯ: ಕಂಪನಿಗಳು ಎದ್ದರೆ ವ್ಯವಹಾರ, ಸಂಬಳದವನು ಎದ್ದರೆ ಮಾನ ಹೋಯಿತೇ ಅಂಕಲ್?

ಮೆಕಿನ್ನಿ ಹಿರಿಯರು: ಸಾಲ ಮಾಡಿ ಟೆಸ್ಲಾ ಕೊಂಡವರು ನನಗೆ ಪಾಠ ಹೇಳುವುದು ಬೇಡ.

ಚೀಟಿ ನಡೆಸುವವರು: ಫ್ರಿಸ್ಕೋದವರೇ, ನನ್ನ ಚೀಟಿ ಎತ್ತಿಕೊಂಡು 6,000 ಡಾಲರ್ ಬಾಕಿ ಉಳಿಸಿದ್ದೀರಿ. ಭಾವಮೈದುನನಿಗೆ ಕೊಡಲು ಹಣವಿತ್ತು, ನನಗಿಲ್ಲವೇ?

ಫ್ರಿಸ್ಕೋ ಗೃಹಸ್ಥ: ಅಣ್ಣಾ, ಫೋನಿನಲ್ಲಿ ಮಾತಾಡೋಣ.

ಚೀಟಿ ನಡೆಸುವವರು: ಮೂರು ತಿಂಗಳಿಂದ ಎತ್ತದ ಫೋನನ್ನು ಇಂದು ಎತ್ತುತ್ತೀರಾ?

ವಕೀಲೆ: ಚೀಟಿಯವರೇ, ಅರ್ಜಿ ದಾಖಲಾದ ಮೇಲೆ ಹೀಗೆ ಕೇಳಿದರೆ ಸಾಲ ವಸೂಲಿಗೆ ಇರುವ ಕೋರ್ಟಿನ ತಡೆ ಮುರಿದಂತೆ. ಇಲ್ಲಿಯೂ ಬೇಡ, ದೇವಸ್ಥಾನದಲ್ಲಿಯೂ ಬೇಡ. 70 ದಿನದೊಳಗೆ ನಿಮ್ಮ ಬಾಕಿಯ ಹಕ್ಕುಪತ್ರವನ್ನು ಕೋರ್ಟಿಗೆ ಕೊಡಿ. ಕಾರ್ಡಿನವರ ಸಾಲಿನಲ್ಲೇ ನಿಮಗೂ ಪಾಲು.

ಚೀಟಿ ನಡೆಸುವವರು: ಬ್ಯಾಂಕಿನವರೂ ನಾನೂ ಒಂದೇ ಏನು?

ವಕೀಲೆ: ಕಾನೂನಿಗೆ ಒಂದೇ.

ಕ್ಯಾರಲ್ಟನ್ ಸದಸ್ಯ: ಮೇಲೆ ಎಂದರೆ ಎಲ್ಲಿ?

ಮೆಕಿನ್ನಿ ಹಿರಿಯರು: ಇನ್ನೊಂದು ಸಂದೇಶ ಬಂದಿದೆ. ಬ್ಯಾಂಕಿನ ಬಳಿ ಮೂಲ ಸಾಲಪತ್ರ ಇಲ್ಲದಿದ್ದರೆ...

ವಕೀಲೆ: ಸರ್, ದಯವಿಟ್ಟು ಸಾಕು.

ಫ್ರಿಸ್ಕೋ ಗೃಹಸ್ಥ: ಮೇಡಂ, ಸಮಾಲೋಚನೆ ಮುಗಿಯಿತು, ಪ್ರಮಾಣಪತ್ರ ಬಂತು. ಪಟ್ಟಿಯಲ್ಲಿ ಚೀಟಿಯ ಅಣ್ಣನನ್ನೂ ಬರೆಯಬೇಕೇ?

ವಕೀಲೆ: ಒಬ್ಬರನ್ನೂ ಬಿಡದೆ ಬರೆಯಿರಿ. ನಾಳೆ ಬೆಳಿಗ್ಗೆ 8ಕ್ಕೆ ಸಂಬಳದ ಚೀಟಿಗಳೊಂದಿಗೆ ಕಚೇರಿಗೆ ಬನ್ನಿ, ಪತ್ನಿಯವರನ್ನೂ ಕರೆತನ್ನಿ.

ಚೀಟಿ ನಡೆಸುವವರು: ಇಂಗ್ಲಿಷಿನಲ್ಲಿ ನನ್ನ ಹೆಸರಿಗೆ ಎರಡು ‘ಎನ್’. ಅದನ್ನಾದರೂ ಸರಿಯಾಗಿ ಬರೆಯಿರಿ.