ಮಗಳು 8ನೇ ಕ್ಲಾಸಿಗೆ: ಹತ್ತಿರದ ಕನ್ನಡ ಮೀಡಿಯಂ ಹೈಸ್ಕೂಲಾ, ಟೌನಿನ ಕೆಪಿಎಸ್ಸಾ?

ಬಿಕ್ಕೋಡು_ಕಾಫಿ
ಎಲ್ಲರಿಗೂ ನಮಸ್ಕಾರ. ನಮ್ಮದು ಬೇಲೂರು ತಾಲೂಕು, ಬಿಕ್ಕೋಡು ಕಡೆ. ಮಗಳು ಊರಿನ ಸರ್ಕಾರಿ ಶಾಲೆಯಲ್ಲೇ 7ನೇ ಕ್ಲಾಸ್ ಮುಗಿಸಿದ್ದಾಳೆ. ಲೆಕ್ಕ ಅಂದ್ರೆ ಪ್ರಾಣ. ಹತ್ತಿರದಲ್ಲೇ ಸರ್ಕಾರಿ ಹೈಸ್ಕೂಲಿದೆ, ಕನ್ನಡ ಮೀಡಿಯಂ, ಮಕ್ಕಳು ತುಂಬಾ ಕಮ್ಮಿ. ಟೌನಿನಲ್ಲಿ ಕರ್ನಾಟಕ ಪಬ್ಲಿಕ್ ಸ್ಕೂಲ್ (ಕೆಪಿಎಸ್) ಇದೆ, ಇಂಗ್ಲಿಷ್ ಮೀಡಿಯಂ ಸೆಕ್ಷನ್ ಉಂಟು, ಪಿಯುಸಿವರೆಗೂ ಅಲ್ಲೇ ಓದಬಹುದು. ನನ್ನ ಹೆಂಡತಿಗೆ ಟೌನೇ ಇಷ್ಟ, ಮುಂದೆ ಸೈನ್ಸ್ ತಗೊಂಡರೆ ಇಂಗ್ಲಿಷ್ ಬೇಕೇ ಬೇಕಲ್ವಾ ಅಂತಾಳೆ. ನನಗೆ ಚಿಂತೆ ಸಂಜೆಯದು. ಬಸ್ಸಿಳಿದು ತೋಟದ ದಾರಿಯಲ್ಲಿ ನಡೆದು ಬರಬೇಕು, ಮಳೆಗಾಲದಲ್ಲಿ ಬೇಗ ಕತ್ತಲಾಗುತ್ತೆ, ನಮ್ಮ ಕಡೆ ಆನೆ ಕಾಟ ಹೇಗಿದೆ ಅಂತ ನಿಮಗೆಲ್ಲ ಗೊತ್ತೇ ಇದೆ. ತಿಳಿದವರು ಹೇಳಿ, ಮೇ ಕೊನೆಗೆ ಶಾಲೆ ಶುರು.

ಕಡೂರು_ಲೆಕ್ಕದಮೇಷ್ಟ್ರು
ನಾನು ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವನು. ಮೀಡಿಯಂ ವಿಚಾರ ಆಮೇಲೆ. ಮೊದಲು ಎರಡೂ ಕಡೆ ಹೋಗಿ ಪಿಸಿಎಂ (ಭೌತ, ರಸಾಯನ, ಗಣಿತ) ಮತ್ತು ಸಿಬಿಝಡ್ (ರಸಾಯನ, ಸಸ್ಯ, ಪ್ರಾಣಿಶಾಸ್ತ್ರ) ಶಿಕ್ಷಕರ ಹುದ್ದೆ ಭರ್ತಿ ಇದೆಯಾ ಅಂತ ಎಚ್ಎಂ ಹತ್ತಿರ ಕೇಳಿ. ಖಾಲಿ ಇದ್ದರೆ ಅತಿಥಿ ಶಿಕ್ಷಕರು ಬರುತ್ತಾರೆ, ಅವರಲ್ಲೂ ಚೆನ್ನಾಗಿ ಪಾಠ ಮಾಡುವವರು ಬಹಳ ಜನ ಇದ್ದಾರೆ, ಆದರೆ ಅವರು ಬರುವ ಹೊತ್ತಿಗೆ ಎಷ್ಟೋ ಸಲ ಪಾಠ ಹಿಂದೆ ಬಿದ್ದಿರುತ್ತೆ. ಇನ್ನೊಂದು ಕೆಲಸ ಮಾಡಿ. ಅಲ್ಲಿ 9ನೇ ಕ್ಲಾಸ್ ಓದಿದ ಯಾವುದಾದರೂ ಮಗುವಿನ ಲೆಕ್ಕದ ನೋಟ್‌ಬುಕ್ ಈಸ್ಕೊಂಡು ನೋಡಿ. ಪುಟದ ಕೆಳಗೆ ಬರೀ ಸಹಿ ಇದೆಯಾ, ಅಥವಾ ಯಾವ ಹಂತದಲ್ಲಿ ಮೈನಸ್ ಹೋಗಿ ಪ್ಲಸ್ ಆಗಿದೆ ಅಂತ ಕೆಂಪು ಇಂಕಿನಲ್ಲಿ ಸುತ್ತು ಹಾಕಿದ್ದಾರಾ? ಕಟ್ಟಡ, ಬಣ್ಣ, ಸ್ಮಾರ್ಟ್ ಕ್ಲಾಸ್ ಯಾವುದೂ ಇಷ್ಟು ಹೇಳಲ್ಲ. ಮಕ್ಕಳು ಕಮ್ಮಿ ಅಂತ ಹೆದರಬೇಡಿ, ಮೇಷ್ಟ್ರು ಗಟ್ಟಿ ಇದ್ದರೆ ಅದೇ ಲಾಭ.

ಎಲ್ಲಿಗೇ ಸೇರಿಸಿ, 8ರಲ್ಲಿ ಎನ್‌ಎಂಎಂಎಸ್ ಅನ್ನೋ ವಿದ್ಯಾರ್ಥಿವೇತನದ ಪರೀಕ್ಷೆ ಬರೆಸಿ. ಆಯ್ಕೆಯಾದರೆ 9ರಿಂದ 12ನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ ಬರುತ್ತೆ. ಮನೆಯ ವರಮಾನ ವರ್ಷಕ್ಕೆ 3.5 ಲಕ್ಷ ದಾಟಿರಬಾರದು.

ಹಾಸನದ_ಅಮ್ಮ
ನನ್ನ ಮಗಳನ್ನು 8ಕ್ಕೇ ಇಂಗ್ಲಿಷ್ ಮೀಡಿಯಂಗೆ ಹಾಕಿದ್ವಿ. ಸುಮ್ನೆ ಸುಲಭ ಅಂತ ಹೇಳಲ್ಲ. ಲೆಕ್ಕದಲ್ಲಿ ತೊಂದರೆ ಆಗಲಿಲ್ಲ. ಸಮಾಜ ಮತ್ತು ಜೀವಶಾಸ್ತ್ರದಲ್ಲಿ ಮಗು ಬಹಳ ಕಷ್ಟಪಟ್ಟಳು, ವಿಷಯ ತಲೆಯಲ್ಲಿದೆ, ಬರೆಯೋಕೆ ವಾಕ್ಯ ಬರ್ತಿರಲಿಲ್ಲ. ಮನೇಲಿ ಹೇಳಿಕೊಡೋಕೆ ನನಗೂ ಆಗ್ತಿರಲಿಲ್ಲ. 9ನೇ ಕ್ಲಾಸಿನ ಹೊತ್ತಿಗೆ ಹಿಡಿತ ಸಿಕ್ತು, ಪಿಯುಸಿ ಸೈನ್ಸ್‌ಗೆ ಹೋದಾಗ ಜೊತೆಯವರಿಗಿಂತ ಆರಾಮಾಗಿದ್ದಳು. ಹಾಗಾಗಿ ನಿಮ್ಮ ಮನೆಯವರ ಮಾತು ತೆಗೆದುಹಾಕುವಂಥದ್ದಲ್ಲ. ಶಕ್ತಿ ಯೋಜನೆ ಇರೋದ್ರಿಂದ ಹುಡುಗಿಗೆ ಬಸ್ ಚಾರ್ಜ್ ಇಲ್ಲ, ಆದರೆ ಸಂಜೆ ಬಸ್ ಸರಿಯಾದ ಹೊತ್ತಿಗೆ ಇದೆಯಾ ಅಂತ ನೀವೇ ಒಂದು ದಿನ ಹತ್ತಿ ನೋಡಿ.

ಆಲೂರು_ಹುಡುಗ
ಅಣ್ಣ, ಒಂದು ಮುಖ್ಯ ವಿಷಯ ಯಾರೂ ಹೇಳಲಿಲ್ಲ. ಸಿಇಟಿ (ಇಂಜಿನಿಯರಿಂಗ್‌ನಂಥ ಕೋರ್ಸಿನ ಪ್ರವೇಶ ಪರೀಕ್ಷೆ) ಸೀಟಿನಲ್ಲಿ ಗ್ರಾಮೀಣ ಕೋಟಾ ಶೇ. 15, ಕನ್ನಡ ಮಾಧ್ಯಮ ಕೋಟಾ ಶೇ. 5. ಎರಡಕ್ಕೂ 1ರಿಂದ 10ರವರೆಗೆ ಪೂರ್ತಿ ಹತ್ತು ವರ್ಷ ಓದಿರಬೇಕು, ಒಂದು ಹಳ್ಳಿ ಶಾಲೆಯಲ್ಲಿ, ಇನ್ನೊಂದು ಕನ್ನಡ ಮೀಡಿಯಂನಲ್ಲಿ. ಏಳು ವರ್ಷ ಆಗಲೇ ಆಗಿದೆ. ಈಗ ಟೌನಿಗೆ, ಅದೂ ಇಂಗ್ಲಿಷ್ ಮೀಡಿಯಂಗೆ ಹಾಕಿದರೆ ಎರಡೂ ಹೋಯ್ತು. ನಾನು ಹಾಸನದಲ್ಲಿ ಇಂಜಿನಿಯರಿಂಗ್ ಓದ್ತಿರೋದು ಗ್ರಾಮೀಣ ಕೋಟಾದಲ್ಲೇ. ಫಸ್ಟ್ ಪಿಯುಸಿಯಲ್ಲಿ ಫಿಸಿಕ್ಸ್ ಇಂಗ್ಲಿಷಲ್ಲಿ ಕೇಳಿ ತಲೆ ತಿರುಗಿತ್ತು ನಿಜ, ದೀಪಾವಳಿ ಹೊತ್ತಿಗೆ ಸರಿ ಹೋಯ್ತು.

ಬಿಕ್ಕೋಡು_ಕಾಫಿ
ಇದು ನಮಗೆ ಗೊತ್ತೇ ಇರಲಿಲ್ಲ ತಮ್ಮಾ, ತುಂಬಾ ಉಪಕಾರ ಆಯ್ತು. ಹಳ್ಳಿಯಲ್ಲೇ ಇರೋ ಕೆಪಿಎಸ್‌ಗೆ ಸೇರಿಸಿದರೆ?

ಆಲೂರು_ಹುಡುಗ
ಪಂಚಾಯಿತಿ ವ್ಯಾಪ್ತಿಯ ಹಳ್ಳಿ ಶಾಲೆ ಆದರೆ ಗ್ರಾಮೀಣ ಉಳಿಯುತ್ತೆ, ಇಂಗ್ಲಿಷ್ ಸೆಕ್ಷನ್ ತಗೊಂಡರೆ ಕನ್ನಡ ಮಾಧ್ಯಮ ಮಾತ್ರ ಹೋಗುತ್ತೆ. ವ್ಯಾಸಂಗ ಪ್ರಮಾಣಪತ್ರಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಬೇಕು, ಸಿಇಟಿ ಹೊತ್ತಿಗೆ ಓಡಾಡಬೇಡಿ, ಮೊದಲೇ ಮಾಡಿಸಿಡಿ.

ಕಡೂರು_ಲೆಕ್ಕದಮೇಷ್ಟ್ರು
ಈ ಹುಡುಗ ಹೇಳಿದ್ದು ಸರಿ. ಆದರೂ ಕೋಟಾ ಒಂದನ್ನೇ ನಂಬಿ ಪಿಸಿಎಂ ಮೇಷ್ಟ್ರಿಲ್ಲದ ಶಾಲೆಗೆ ಹಾಕಬೇಡಿ. ಲೆಕ್ಕ ಇಷ್ಟಪಡೋ ಮಗು ಅಂದ್ರಿ, ಅದು ಮೂರು ವರ್ಷ ಹಾಗೇ ಉಳಿಯಬೇಕು.

ಬಿಕ್ಕೋಡು_ಕಾಫಿ
ಸರಿ ಸಾರ್. ಹತ್ತಿರದ ಹೈಸ್ಕೂಲಿನ ಎಚ್ಎಂಗೆ ಫೋನ್ ಮಾಡಿದೆ, ಪಿಸಿಎಂಗೆ ಕಾಯಂ ಟೀಚರ್ ಇದ್ದಾರೆ, ಸಿಬಿಝಡ್ ಖಾಲಿಯಂತೆ. ಸೋಮವಾರ ಮಗಳನ್ನೂ ಹೆಂಡತಿಯನ್ನೂ ಕರ್ಕೊಂಡು ಹೋಗ್ತೀನಿ. ಪಕ್ಕದ ಮನೆ ಹುಡುಗ ಅಲ್ಲೇ 9 ಮುಗಿಸಿದ್ದಾನೆ, ಅವನ ನೋಟ್‌ಬುಕ್ ಇವತ್ತೇ ಈಸ್ಕೋತೀನಿ.