ಜರ್ಮನಿಯಲ್ಲಿ ಥಿಯರೆಟಿಕಲ್ ಫಿಸಿಕ್ಸ್: ಮೇಷ್ಟ್ರನ್ನು ಕೇಳಿ

ಮೇಷ್ಟ್ರು: ಎಲ್ಲರಿಗೂ ನಮಸ್ಕಾರ. ಜರ್ಮನಿಯಲ್ಲಿ ಕಪ್ಪುಕುಳಿಗಳ ಲೆಕ್ಕ ಮಾಡುವುದು ನನ್ನ ಕೆಲಸ. ಒಂದು ಗಂಟೆ ಇರುತ್ತೇನೆ, ನಿಮ್ಮ ಊರಿನ ಹೆಸರು ಹಾಕಿ ಕೇಳಿ.

ಹಾಸನ: ಸರ್, ಅಲ್ಲಿ ಪಿಎಚ್‌.ಡಿ.ಗೆ ಫೀಸ್ ಎಷ್ಟು ಲಕ್ಷ?

ಮೇಷ್ಟ್ರು: ಸೆಮಿಸ್ಟರಿಗೆ ಒಂದು ಸಣ್ಣ ಶುಲ್ಕ ಬಿಟ್ಟರೆ ಫೀಸ್ ಇಲ್ಲ. ಅವರೇ ಸಂಬಳ ಕೊಡುತ್ತಾರೆ, ಸಾಮಾನ್ಯವಾಗಿ ಅರ್ಧ ಅಥವಾ ಮುಕ್ಕಾಲು ಹುದ್ದೆಯ ಲೆಕ್ಕದಲ್ಲಿ.

ದಾವಣಗೆರೆ: ಸರ್, ನನ್ನ ಮಗ ಅಲ್ಲೇ ಪೋಸ್ಟ್‌ಡಾಕ್, ಇದು ಎರಡನೆಯದು. ಸೆಪ್ಟೆಂಬರಿಗೆ ಕಾಂಟ್ರಾಕ್ಟ್ ಮುಗಿಯುತ್ತೆ. ಫೋನ್ ಮಾಡಿದರೆ "ಹೂಂ, ಸರಿ" ಅಷ್ಟೇ. ನೆಂಟರು ಪರ್ಮನೆಂಟ್ ಯಾವಾಗ ಅಂತಾರೆ. ಅವನೇನಾದರೂ ತಪ್ಪು ಮಾಡಿದನಾ?

ಮೇಷ್ಟ್ರು: ಇಲ್ಲಮ್ಮ. ಪೋಸ್ಟ್‌ಡಾಕ್ ಅಂದರೇ ಪಿಎಚ್‌.ಡಿ. ಆದಮೇಲಿನ ಎರಡು-ಮೂರು ವರ್ಷದ ಸಂಶೋಧನೆಯ ಕೆಲಸ. ಮುಂದಿನ ವರ್ಷದ ಜಾಗಕ್ಕೆ ಹಿಂದಿನ ವರ್ಷದ ಕೊನೆಯಲ್ಲೇ ಅರ್ಜಿ ಹಾಕಬೇಕು. ಸೋನಾ ಮಸೂರಿ ಸಿಗುವ ಅಂಗಡಿ ಗುರುತಾಗುವಷ್ಟರಲ್ಲಿ ಮತ್ತೆ ಅರ್ಜಿ. ಎಷ್ಟೋ ಕಡೆಯವರು "ಇಲ್ಲ" ಅಂತಲೂ ಬರೆಯುವುದಿಲ್ಲ. ಇಲ್ಲಿ ಕಾನೂನೂ ಇದೆ. ಪಿಎಚ್‌.ಡಿ. ಆದಮೇಲೆ ವಿಶ್ವವಿದ್ಯಾಲಯಗಳ ಇಂಥ ತಾತ್ಕಾಲಿಕ ಹುದ್ದೆಯಲ್ಲಿ ಸಾಮಾನ್ಯವಾಗಿ 6 ವರ್ಷ ಮಾತ್ರ ಇರಬಹುದು.

ನಾನು ಮೂರು ದೇಶ ಸುತ್ತಿದೆ. ಎರಡು ಸೂಟ್‌ಕೇಸ್, ಒಂದೇ ಕುಕ್ಕರ್. ಅರ್ಜಿ ಹಾಕಿ ಕಾಯುವಾಗ ಅಮ್ಮನ ಫೋನ್ ಎತ್ತಲೂ ಹೆದರುತ್ತಿದ್ದೆ. ಮೊದಲ ಪ್ರಶ್ನೆ "ಪರ್ಮನೆಂಟ್ ಯಾವಾಗ" ಅಂತಲೇ ಇರುತ್ತಿತ್ತು. ನೀವು ಅದನ್ನು ಕೇಳಬೇಡಿ. ಇವತ್ತು ಏನು ಅಡುಗೆ, ನಿದ್ದೆ ಬರುತ್ತಾ ಅಂತ ಕೇಳಿ. ಊಟ, ನಿದ್ದೆ ಕೆಟ್ಟಿದ್ದರೆ ಡಾಕ್ಟರ ಹತ್ತಿರ ಕಳಿಸಿ, ವಿಮೆ ಇದ್ದೇ ಇರುತ್ತದೆ. ಫಿಸಿಕ್ಸ್ ಬಿಟ್ಟು ಬೇರೆ ಕೆಲಸ ಹಿಡಿದರೂ ಮನೆಯಲ್ಲಿ ಬೇಜಾರಿಲ್ಲ ಅಂತ ಒಮ್ಮೆ ಬಾಯಿಬಿಟ್ಟು ಹೇಳಿ. ಹೇಗಿದ್ದಾನೆ ಅಂತ ನನಗೂ ತಿಳಿಸಿ.

ತುಮಕೂರು: ಫಾರ್ವರ್ಡ್ ಬಂದಿದೆ: "40 ಸಾವಿರಕ್ಕೆ 7 ದಿನದಲ್ಲಿ ಇಂಟರ್‌ನ್ಯಾಷನಲ್ ಪೇಪರ್, ಫಾರಿನ್ ಪಿಎಚ್‌.ಡಿ. ಗ್ಯಾರಂಟಿ." ನಿಜವಾ?

ಮೇಷ್ಟ್ರು: ಮೋಸ. ಒಂದು ಪೈಸೆ ಕಟ್ಟಬೇಡಿ. ನಮ್ಮ ಸಂಶೋಧನಾ ಪೇಪರ್‌ಗಳು ಮೊದಲು ಹೋಗುವುದು ಆರ್ಕೈವ್ (arXiv) ಎಂಬ ಜಾಲತಾಣಕ್ಕೆ. ಅಲ್ಲಿ ಹಾಕಲೂ ಓದಲೂ ದುಡ್ಡಿಲ್ಲ. ದುಡ್ಡು ಕೊಟ್ಟು ಬರೆಸಿದ ಪೇಪರ್ ಅರ್ಜಿಯಲ್ಲಿ ಕಂಡರೆ ಅರ್ಜಿಯೇ ಹಾಳು. ಇಂಥದ್ದನ್ನು ಇಲ್ಲಿ ಹಂಚಬೇಡಿ.

ಗದಗ: ಪಿಎಚ್‌.ಡಿ. ಫೀಸ್ ಎಷ್ಟು ಸರ್?

ಮೇಷ್ಟ್ರು: ಮೇಲೆ ಓದಿ.

ಮೈಸೂರು: ಇಲ್ಲಿ ಓದಿ ಅಲ್ಲಿ ದುಡಿಯುವುದು ಯಾವ ನ್ಯಾಯ? ಕಪ್ಪುಕುಳಿ ವಿಜ್ಞಾನಿ ಸಿ. ವಿ. ವಿಶ್ವೇಶ್ವರ ಅವರು ಅಮೆರಿಕದಿಂದ ಬೆಂಗಳೂರಿಗೆ ಬಂದು ನೆಹರೂ ತಾರಾಲಯ ಬೆಳೆಸಲಿಲ್ಲವೇ?

ಧಾರವಾಡ: ನಕ್ಷತ್ರಗಳ ವಿಜ್ಞಾನಿ ಎಸ್. ಚಂದ್ರಶೇಖರ್ ಷಿಕಾಗೋದಲ್ಲೇ ಉಳಿದರು. 1983ರಲ್ಲಿ ನೊಬೆಲ್ ಬಂತು. ಅವರದೂ ತಪ್ಪಾ?

ಮೈಸೂರು: ಆ ನೊಬೆಲ್ ಅಮೆರಿಕದ ಲೆಕ್ಕಕ್ಕೆ.

ಧಾರವಾಡ: ನಿಮ್ಮ ಮಗ ಎಲ್ಲಿದ್ದಾನೆ, ಅದನ್ನು ಹೇಳಿ ಮೊದಲು.

ಮೈಸೂರು: ಮನೆಯವರನ್ನು ಎಳೆದು ತರಬೇಡಿ!

ಕೊಪ್ಪ: ಸರ್, ಕನ್ನಡ ಮೀಡಿಯಂನಲ್ಲಿ ಓದಿದವರಿಗೆ ಕಷ್ಟವಾ?

ಮೇಷ್ಟ್ರು: ಮೈಸೂರು, ಧಾರವಾಡ, ಇಬ್ಬರೂ ನಿಲ್ಲಿಸಿ. ವಿಶ್ವೇಶ್ವರ ಅವರ 1970ರ ಲೆಕ್ಕದ ಮೇಲೆ ನನ್ನ ಕೆಲಸ ನಿಂತಿದೆ. ಕಪ್ಪುಕುಳಿಯನ್ನು ಕೆಣಕಿದರೆ, ಬಡಿದ ಗಂಟೆಯ ಹಾಗೆ ಕಂಪಿಸಿ ಸುಮ್ಮನಾಗುತ್ತದೆ ಅಂತ ಅವರು ತೋರಿಸಿದರು. 2015ರಲ್ಲಿ ಅಮೆರಿಕದ ಲೈಗೋ ವೀಕ್ಷಣಾಲಯ ಹಿಡಿದ ಮೊದಲ ಗುರುತ್ವ ಅಲೆಯ (ಎರಡು ಕಪ್ಪುಕುಳಿ ಡಿಕ್ಕಿಯಾದಾಗ ಎದ್ದ ಅಲೆ) ಬಾಲದಲ್ಲಿ ಅದೇ ಕಂಪನ ಕಂಡಿತು. 2017ರಲ್ಲಿ ತೀರಿಹೋಗುವ ಮುಂಚೆ ಅವರು ಅದನ್ನು ನೋಡಿದರು. ಅವರ ಹೆಸರನ್ನು ಜಗಳಕ್ಕೆ ತರಬೇಡಿ.

ರಾಯಚೂರು: ಸರ್, ಫೀಸ್?

ಮೇಷ್ಟ್ರು: ಇಲ್ಲ ಅಂದೆನಲ್ಲ. ಇವತ್ತಿಗೆ ಸಾಕು. ದಾವಣಗೆರೆ ಅಮ್ಮ, ಅವನ ಜೊತೆ ಮಾತಾಡಿದ ಮೇಲೆ ಎಷ್ಟು ಹೊತ್ತಾದರೂ ಸರಿ, ಬರೆಯಿರಿ.